ಉಮ್ಮ ಮುರಿದ ಕ್ಯಾಸೆಟ್

ಕಳೆದ ವಾರ ಬೆಳ್ತಂಗಡಿಯಲ್ಲಿ ರೇಡಿಯೋ ರಿಪೇರಿಯ ಹಳೆಯ ಅಂಗಡಿಯೊಂದನ್ನು ಖಾಲಿ ಮಾಡುತ್ತಿದ್ದರು. ಜಗಲಿಯಲ್ಲಿಟ್ಟ ರಟ್ಟಿನ ಪೆಟ್ಟಿಗೆಯಿಂದ ಬೂಷ್ಟು ಹಿಡಿದ ಟೇಪಿನ ಹುಳಿವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನಮ್ಮ ನೆರೆಮನೆಯಾಕೆ ನೆನಪಿಗೆ ಬಂದರು... ಅವರ ಮಕ್ಕಳಂತೆ ನಾನೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆ.

ತೊಂಬತ್ತರ ದಶಕ. ಸಿದ್ಧಕಟ್ಟೆ ಸಮೀಪದ ನಮ್ಮ ಊರಿಗೆ ಫೋನು ಬಂದಿರಲಿಲ್ಲ. ಉಮ್ಮನ ಗಂಡ ಕಡಲಾಚೆಯ ದಮ್ಮಾಮಿನಲ್ಲಿ ದುಡಿಯುತ್ತಿದ್ದರು. ಅತ್ತ ಹೋಗುವವರು ಸಿಕ್ಕಾಗಲೆಲ್ಲ ಮನೆಮಂದಿ ಟೇಪ್‌ರೆಕಾರ್ಡರಿನ ಸುತ್ತ ಕುಳಿತು, ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳುಹಿಸುತ್ತಿದ್ದರು. ಅದರ ಮೇಲೆಯೇ, ಹಳೆಯ ಮಾತನ್ನು ಅಳಿಸಿಕೊಂಡು, ಅವರ ಉತ್ತರ ಬರುತ್ತಿತ್ತು. ಕೇಳಲು ನೆರೆಕರೆಯ ಮಕ್ಕಳೆಲ್ಲ ಸೇರುತ್ತಿದ್ದೆವು. ಒಂದು ಧ್ವನಿಗಾಗಿ ಅಷ್ಟು ಜನ ಉಸಿರು ಬಿಗಿಹಿಡಿದು ಕುಳಿತದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಇದನ್ನು ಬರಿಯ ಭಾವುಕತೆ ಎನ್ನುವವರೊಡನೆ ಇಂದಿಗೂ ವಾದಕ್ಕೆ ಸಿದ್ಧಳಿದ್ದೇನೆ.

ಮಾತಿಗೊಂದು ಕ್ರಮವಿತ್ತು. ಮೊದಲು ಮನೆಯ ಹಿರಿಯರಾದ ಗಂಡನ ಅಣ್ಣ, ಉಮ್ಮ ಕಾಕ ಎನ್ನುತ್ತಿದ್ದವರು; ಟೇಪು ಉಳಿದರೆ ಕೊನೆಗೆ ಉಮ್ಮ.

ಅವರ ಮಗಳೂ ನಾನೂ ಏಳನೆಯ ತರಗತಿ ಮುಗಿಸಿದ ವರ್ಷವದು. ಹೈಸ್ಕೂಲಿಗೆ ಬಸ್ಸು ಹತ್ತಬೇಕಿತ್ತು. ನಮ್ಮ ಅಜ್ಜ ತೀರ್ಪು ಕೊಟ್ಟಾಗಿತ್ತು: "ಉಮ್ಮನ ಮಗಳು ಹೋಗುವುದಾದರೆ ಇವಳೂ ಹೋಗಲಿ. ಒಬ್ಬಳೇ ಬೇಡ." ಹೀಗೆ ನನ್ನ ಓದೂ ಅಪ್ಪಣೆ ಕೇಳಿ ದಮ್ಮಾಮಿಗೆ ಹೋಗುವ ಕ್ಯಾಸೆಟ್ಟಿಗೆ ಗಂಟುಬಿದ್ದಿತು. ಉಮ್ಮನ ಮನೆಯ ಹಿರಿಯರು, "ಕಲಿತದ್ದು ಸಾಕು, ಬಸ್ಸಿನ ಉಪದ್ರ ಬೇಡ" ಎಂದು ತಮ್ಮ ಪಾಲಿನದನ್ನು ಹೇಳಿ ಮುಗಿಸಿದರು. ಉಮ್ಮನ ಸರದಿ ಬಂತು.

"ಹುಡುಗಿಯನ್ನು ಹೈಸ್ಕೂಲಿಗೆ ಸೇರಿಸ್ತೇನೆ. ಬೇಡ ಅಂತಾದರೆ ನೀವೇ ಬಂದು ಅವಳ ಮುಖ ನೋಡಿ ಹೇಳಿ."

ಹಿರಿಯರು ಯಂತ್ರ ನಿಲ್ಲಿಸಿದರು. "ಅದನ್ನು ಅಳಿಸು ಮಾರಾಯ್ತಿ. ಬೇರೆ ಏನಾದರೂ ಹೇಳುವ."

ಉಮ್ಮ ಕ್ಯಾಸೆಟ್ ಹೊರತೆಗೆದರು. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ; ಅವನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗದು. ತಲೆಯ ಪಿನ್ನು ತೆಗೆದು ಎರಡನ್ನೂ ಮುರಿದರು.

"ನಿಮ್ಮದೂ ಇದರಲ್ಲಿ ಉಂಟು ಕಾಕ, ನನ್ನದೂ ಉಂಟು. ಅವರೇ ಕೇಳಲಿ."

ಆ ತೂತಿಗೆ ಕಾಗದ ತುರುಕಿದರೆ ಮತ್ತೆ ಅಳಿಸಬಹುದೆಂದು ಮಕ್ಕಳಾದ ನಮಗೆಲ್ಲ ತಿಳಿದಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

ಶಾಲೆ ತೆರೆಯುವ ಮುನ್ನ ದಮ್ಮಾಮಿನಿಂದ ಮರಳಿದ ಮಾಣಿ ಊರಿನ ಒಬ್ಬರು ಹೊಸ ಕ್ಯಾಸೆಟ್ ತಂದುಕೊಟ್ಟರು. ಉಮ್ಮನ ಗಂಡನ ಕೆಮ್ಮು, ಎಲ್ಲರ ಕ್ಷೇಮ ವಿಚಾರಣೆ... ಆಮೇಲೆ, "ಸೇರಿಸು. ಇಬ್ಬರೂ ಜೋಡಿಯಾಗಿ ಹೋಗಲಿ." ಹಿರಿಯರು ಎದ್ದು ಬಾವಿಯ ಕಡೆಗೆ ಹೋದರು. ಉಮ್ಮ ನಮ್ಮಿಬ್ಬರ ಜಡೆಯನ್ನೂ ಒಮ್ಮೆ ಎಳೆದು, "ಇನ್ನು ನಾಪಾಸಾದರೆ ಉಂಟು ನಿಮಗೆ" ಎಂದರು.

ಮುಂದೆ ಮೂಡುಬಿದಿರೆಯಲ್ಲಿ ಕಾಲೇಜು ಸೇರಿ ಚರ್ಚಾಸ್ಪರ್ಧೆಗಳಲ್ಲಿ ನಿಂತಾಗ, ಎದುರಾಳಿಯ ಮಾತನ್ನು ಸಭೆಗೆ ಪೂರ್ತಿ ಕೇಳಿಸಿಯೇ ಗೆಲ್ಲಬೇಕೆಂಬ ಹಠ ನನ್ನಲ್ಲಿ ಬೆಳೆದಿತ್ತು. ಅದನ್ನು ಯಾವ ಉಪನ್ಯಾಸಕರೂ ಕಲಿಸಿದ್ದಲ್ಲ.

ಈ ಮಳೆಗಾಲದ ಆರಂಭದಲ್ಲಿ ಉಮ್ಮ ಬಂಟ್ವಾಳದ ಮಗಳ ಮನೆಯಲ್ಲಿ ತೀರಿಕೊಂಡರು. ಆ ಕ್ಯಾಸೆಟ್ ದಮ್ಮಾಮಿನ ಯಾವುದೋ ಕೋಣೆಯಲ್ಲೇ ಉಳಿಯಿತಂತೆ. ಸಾವಿನ ಮನೆಯಲ್ಲಿ ಯಾರೋ ಮೊಬೈಲು ಕೆಳಗಿಟ್ಟು, "ಆ ಕಾಲವೇ ಚೆಂದ ಇತ್ತು" ಎಂದರು. ಅಲ್ಲಿ ಎದುರುವಾದ ಸಲ್ಲದೆಂಬ ಅರಿವು ನನಗಿತ್ತು. ಆದರೂ ಹೇಳಿದೆ: ಆ ಕಾಲ ನಮ್ಮನ್ನು ಏಳನೆಯ ತರಗತಿಗೇ ನಿಲ್ಲಿಸಲು ಹೊರಟಿತ್ತು, ಚೆಂದ ಇದ್ದದ್ದು ಉಮ್ಮ.

ನನ್ನ ಮಾತಿಗೆ ಎದುರು ಹೇಳಬಲ್ಲವರೊಬ್ಬರಿದ್ದರು... ಅವರನ್ನು ಆಗಲೇ ದಫನಕ್ಕೆ ಕೊಂಡೊಯ್ದಾಗಿತ್ತು.