ಕ್ಯಾಂಪರ್ ವ್ಯಾನಿನ ಮಡಿವಂತ

ಸ್ನೇಹಿತರೇ, ಇವತ್ತು ಹಿಲ್ಸ್‌ಬರೋದ ಶ್ರೀಧರನ ಮನೇಲಿ ಊಟ. ಕ್ರಿಸ್‌ಮಸ್ ರಜೆಗೆ, ಒಳಗೇ ಮಲಗಿ ಅಡುಗೆ ಮಾಡ್ಕೊಳ್ಳೋ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಹಿಡಿದು ಅರಿಜೋನಾದ ಮರುಭೂಮಿ ಪಾರ್ಕುಗಳಲ್ಲಿ ಒಂದು ವಾರ ಸುತ್ತಿ ಬಂದಿದ್ದಾನೆ. ಸಾರು ಬಡಿಸುತ್ತಲೇ ಉಪದೇಶ: "ಪ್ರಕೃತಿ ಮಧ್ಯೆ ಕಣ್ಣು ಬಿಡಬೇಕು ಕಣಯ್ಯ. ನಿಮ್ಮ ಹೋಟೆಲ್ ರೂಮಲ್ಲಿ ಏನಿದೆ?"

ವ್ಯಾನಲ್ಲೇ ಟಾಯ್ಲೆಟ್ ಇರತ್ತಂತಲ್ಲ ಅಂದೆ.

"ಇತ್ತು, ಸ್ಟೋವ್ ಪಕ್ಕದಲ್ಲೇ. ಅಡುಗೆ ಮಾಡೋ ಜಾಗ, ಮೈಲಿಗೆ ಅಲ್ವಾ? ಮೊದಲ ದಿನವೇ ಬಾಗಿಲಿಗೆ ಟೇಪ್ ಅಂಟಿಸಿಬಿಟ್ಟೆ. ಪಾರ್ಕಿನ ಟಾಯ್ಲೆಟ್ಟಲ್ಲಿ ನೀರಿಲ್ಲ. ದಿನಾ ಬೆಳಿಗ್ಗೆ ಎಲ್ಲರನ್ನೂ ಎಬ್ಬಿಸಿಕೊಂಡು ನಲವತ್ತು ಮೈಲಿ ಆಚೆ ಪೆಟ್ರೋಲ್ ಬಂಕಿನ ರೆಸ್ಟ್‌ರೂಮ್‌ಗೆ ಡ್ರೈವ್ ಮಾಡ್ತಿದ್ದೆ."

ಸೂರ್ಯೋದಯ ಹೇಗಿತ್ತು ಅಂತ ಅವನ ಮಗಳನ್ನು ಕೇಳಿದೆ.

"ವಿ ವರ್ ಇನ್ ದ ರೆಸ್ಟ್‌ರೂಮ್ ಲೈನ್, ಅಂಕಲ್."

ಅಂದಹಾಗೆ, ಈ ಮಡಿವಂತನ ಮನೇಲಿ ಬಾತ್‌ರೂಮ್ ಇರೋದು ಅಡುಗೆಮನೆ ಗೋಡೆಗೆ ಅಂಟಿಕೊಂಡೇ. ಅದರ ಬಾಗಿಲಿಗೆ ಟೇಪ್ ಇರಲಿಲ್ಲ. ಹೋಗಿಬಂದೆ.