ಬಾಲ್ಕನಿಯಲ್ಲಿ ಬೇರು ಬಿಟ್ಟ ಈರುಳ್ಳಿ

ನಮ್ಮ ಮನೆಗೆ ಈರುಳ್ಳಿ ಬಂತು. ಇದರಲ್ಲೇನು ಸುದ್ದಿ ಎನ್ನುತ್ತೀರಾ? ಡೆಲ್ಲಿಯ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿಗೆ ಅದು ಬಂದದ್ದು ಇದೇ ಮೊದಲು. ಅಮ್ಮ ಇರುವ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎರಡಕ್ಕೂ ಪ್ರವೇಶವಿಲ್ಲ. (ನಾನು ಆಫೀಸ್ ಕ್ಯಾಂಟೀನಿನಲ್ಲಿ ತಿನ್ನುವುದು ಅವಳಿಗೆ ಗೊತ್ತು. ಗೊತ್ತಿಲ್ಲದ ಹಾಗೆ ಇರುತ್ತಾಳೆ.)

ತಂದವಳು ಹನ್ನೊಂದನೇ ಕ್ಲಾಸಿನ ಮಗಳು ಮೇಧಾ. ಬಯಾಲಜಿ ಪ್ರಾಕ್ಟಿಕಲ್‌ನಲ್ಲಿ ಒಂದು ಕೋಶ ಎರಡಾಗುವುದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಬೇಕು. ಈರುಳ್ಳಿಯ ಎಳೆ ಬೇರಿನ ತುದಿಯಲ್ಲಿ ಅದು ಚೆನ್ನಾಗಿ ಕಾಣುತ್ತದಂತೆ. ಹೋದ ಸಲ ಅವಳ ಸ್ಲೈಡಿನಲ್ಲಿ ಏನೂ ಕಂಡಿರಲಿಲ್ಲ. ಈ ಸಲ ತಪ್ಪಿದರೆ ಫೇಲ್.

"ಅಜ್ಜಿ, ಪ್ಲೀಸ್. ಕಿಚನ್‌ಗೆ ತರಲ್ಲ, ಪಕ್ಕಾ."

"ಬಾಲ್ಕನಿಯಲ್ಲಿಡು. ತುಳಸಿಯಿಂದ ದೂರ," ಎಂದಳು ಅಮ್ಮ.

ನಾನೇ ಮುಂದೆ ನಿಂತು ನೀರು ತುಂಬಿದ ಲೋಟದ ಬಾಯಿಗೆ ಈರುಳ್ಳಿ ಕೂರಿಸಿದೆ. ದಿನಗಳು ಕಳೆದವು. ಬೇರಿನ ಸುಳಿವೇ ಇಲ್ಲ. ಡೆಲ್ಲಿಯ ಚಳಿಯನ್ನು ಬೈದೆ, ಈರುಳ್ಳಿ ಮಾರಿದ ಸಬ್ಜಿ ಭಯ್ಯಾನನ್ನು ಬೈದೆ. ಮೇಧಾಳ ಮುಖ ಸಣ್ಣದಾಗಿತ್ತು.

ತುಳಸಿಗೆ ನೀರು ಹಾಕಲು ಬಂದ ಅಮ್ಮ ದೂರದಿಂದಲೇ ನೋಡಿದಳು. "ಏನೋ, ತಲೆ ಕೆಳಗೆ ಮಾಡಿ ಇಟ್ಟಿದ್ದೀಯಲ್ಲ. ಸುಗಂಧರಾಜದ ಗಡ್ಡೆ ನೆಟ್ಟದ್ದು ನೋಡಿಲ್ವಾ? ಚೂಪು ಮೇಲೆ ಬರಬೇಕು."

ಹೌದು ಸ್ವಾಮಿ, ನಾನು ಈರುಳ್ಳಿ ಕಂಡದ್ದೆಲ್ಲ ಹೆಚ್ಚಿದ ಮೇಲೆ. ಬುಡ ಯಾವುದು, ತಲೆ ಯಾವುದು, ನನಗೇನು ಗೊತ್ತು?

ತಿರುಗಿಸಿ ಇಟ್ಟೆವು. ಬೇರು ಬಂತು, ಬೆಳ್ಳಗೆ, ದಾರದ ಹಾಗೆ. ದಿನಾ ಲೋಟಕ್ಕೆ ನೀರು ತುಂಬಿಸಿದವಳು ಅಮ್ಮ (ಮುಟ್ಟದೆ, ಮೇಲಿನಿಂದ).

ಪ್ರಾಕ್ಟಿಕಲ್ ಮುಗಿಸಿ ಮೇಧಾ ಮೆಟ್ಟಿಲು ಹಾರಿಕೊಂಡೇ ಬಂದಳು. "ಅಪ್ಪ, ದಿಖ್ ಗಯಾ, ಕಾಣಿಸ್ತು. ಕ್ರೋಮೋಸೋಮ್ಸ್ ಅರ್ಧ ಈ ಕಡೆ, ಅರ್ಧ ಆ ಕಡೆ. ಮ್ಯಾಮ್ ಪೂರಾ ಕ್ಲಾಸನ್ನ ಕರೆದು ನನ್ನ ಸ್ಲೈಡೇ ತೋರಿಸಿದ್ರು."

ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಪರಿಚಯದವರಿಗೆಲ್ಲ ಎಸ್ಸೆಮ್ಮೆಸ್ ಕಳಿಸಿದೆ. ಅಮ್ಮ ಪಾಯಸಕ್ಕಿಟ್ಟಳು.

ಬಡಿಸುವಾಗ ಕೇಳಿದಳು: "ಮನುಷ್ಯರಲ್ಲೂ ಹೀಗೇನಾ?"

"ಸೇಮ್ ಅಜ್ಜಿ. ಕುಕ್ಕರ್ ತಾಗಿ ನಿಮ್ಮ ಕೈ ಸುಟ್ಟಿತ್ತಲ್ಲ? ಹೊಸ ಚರ್ಮ ಬಂದದ್ದೂ ಹೀಗೇ, ಒಂದು ಎರಡಾಗಿ, ಎರಡು ನಾಲ್ಕಾಗಿ. ಈರುಳ್ಳಿ ಥರಾನೇ."

ಅಮ್ಮ ವಾಸಿಯಾದ ಕೈಯನ್ನು ತಿರುಗಿಸಿ ನೋಡಿಕೊಂಡಳು. ನಕ್ಕಳು.

ಹುಟ್ಟಿದಾಗಿನಿಂದ ಮೈಯೊಳಗೇ ಈರುಳ್ಳಿಯ ಪದ್ಧತಿ ನಡೆಸಿಕೊಂಡು ಬಂದವರು ನಾವು, ಅದನ್ನು ಅಡುಗೆಮನೆಯ ಹೊಸ್ತಿಲಲ್ಲಿ ತಡೆದು ಏನು ಪ್ರಯೋಜನ?