ಮಿಕ್ಸಿಂಗಿಗೆ ನಾಲ್ಕು ಕೈ

ಮಾಳಮಡ್ಡಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ತೊಂಬತ್ತರ ದಶಕದಲ್ಲಿ ಸುತ್ತಲಿನ ಹಳ್ಳಿಗಳ ಭಜನಾ ಮೇಳದವರು ಅಲ್ಲಿಗೆ ಬಂದು ಕ್ಯಾಸೆಟ್ ಮಾಡಿಸುತ್ತಿದ್ದರು. ಹಾಡು, ಹಾರ್ಮೋನಿಯಂ, ತಬಲಾ, ತಾಳ, ಹಿಮ್ಮೇಳ ಎಲ್ಲವೂ ಟೇಪಿನ ಮೇಲೆ ಬೇರೆ ಬೇರೆಯಾಗಿರುತ್ತಿದ್ದವು. ಅವನ್ನು ಹದವಾಗಿ ಬೆರೆಸುವುದು ನನ್ನ ಕೆಲಸ. ಹಳೆಯ ಮಿಕ್ಸರ್ ಏನನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಹಾಡು ಓಡುತ್ತಿರುವಾಗಲೇ ಗುಂಡಿಗಳನ್ನು ಏರಿಸಿ ಇಳಿಸಬೇಕು; ಒಂದು ಕಡೆ ತಪ್ಪಿದರೆ ಮತ್ತೆ ಮೊದಲಿನಿಂದ. ನನ್ನ ಎರಡು ಕೈ ಸಾಲದೆ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ.

ಹಾರ್ಮೋನಿಯಂ ಮತ್ತು ಹಿಮ್ಮೇಳ ಅವಳ ಪಾಲಿಗೆ. ಸಂಗೀತ ಕಲಿತವಳಲ್ಲ. ಆದರೆ ಹಾಡುವವರು ಉಸಿರು ತೆಗೆದುಕೊಳ್ಳುವ ಕಡೆ ಸರಿಯಾಗಿ ಹಾರ್ಮೋನಿಯಂ ಏರಿಸುತ್ತಿದ್ದಳು, ದನಿ ಬಂದೊಡನೆ ಇಳಿಸುತ್ತಿದ್ದಳು. ಟೇಪಿನ ಸುಯ್ಯೆನ್ನುವ ಸದ್ದು ಇತ್ತು, ಇಲ್ಲವೆನ್ನುವುದಿಲ್ಲ. ಆದರೂ ಕೇಳಿದರೆ ಮೇಳದ ನಡುವೆಯೇ ಕೂತಂತಿರುತ್ತಿತ್ತು.

ಎರಡು ಸಾವಿರದ ನಂತರ ಎಲ್ಲರಿಗೂ ಸಿಡಿಯೇ ಬೇಕಾಯಿತು. ನಾನೂ ಕಂಪ್ಯೂಟರ್ ತಂದೆ. ಸುಯ್ಯೆನ್ನುವ ಸದ್ದು ಹೋಯಿತು. ಅದರ ಜೊತೆ ಇನ್ನೇನು ಹೋಯಿತೋ, ಹಾರ್ಮೋನಿಯಂ ಒಣರೊಟ್ಟಿಯಂತೆ ಬಿರುಸಾಯಿತು, ತಾಳ ಕಿವಿಗೆ ಚುಚ್ಚತೊಡಗಿತು. ಪರದೆಯ ಮೇಲಿನ ಗೆರೆಗಳನ್ನು ತಿದ್ದಿ ತಿದ್ದಿ ತಲೆ ಚಿಟ್ಟು ಹಿಡಿಯಿತು. ಮೇಳದವರು ಮಾತ್ರ "ಭಾರಿ ಕ್ಲಿಯರ್ ಬಂದೈತ್ರಿ" ಎಂದು ಹಿಗ್ಗುತ್ತಿದ್ದರು. ಅವರಿಗೆ ಏನು ಹೇಳುವುದು, ಕರ್ಮ!

ಕಂಪ್ಯೂಟರಿಗೆ ಇದ್ದದ್ದು ಒಂದೇ ಮೌಸ್. ಹೆಂಡತಿ ನನ್ನ ಬೆನ್ನ ಹಿಂದೆ ನಿಲ್ಲುವಂತಾಯಿತು.

"ಅಲ್ಲೆ ಹಾರ್ಮೋನಿಯಂ ಸ್ವಲ್ಪ ಏರಸ್ರಿ," ಅನ್ನುತ್ತಿದ್ದಳು. ನಾನು ಮೌಸ್ ಒಯ್ಯುವಷ್ಟರಲ್ಲಿ ಹಾಡು ಆ ಜಾಗ ದಾಟಿರುತ್ತಿತ್ತು.

"ಅಲ್ಲೆ ಅಂದ್ರ ಎಲ್ಲೆ? ಎಷ್ಟು ಏರಸ್ಲಿ? ನೆಟ್ಟಗ ಹೇಳು," ಎಂದೆ ಒಂದು ದಿನ.

"ಹೇಳಾಕ ಬರಂಗಿಲ್ರಿ. ಕೈಯಾಗ ಗುಂಡಿ ಇದ್ರ ಗೊತ್ತಾಕೈತಿ."

"ಹಂಗಾರ ಸುಮ್ಮನಿರು," ಎಂದು ಸಿಡುಕಿದೆ. ನನಗೆ ಸಿಟ್ಟಿದ್ದದ್ದು ಆ ಡಬ್ಬಿಯ ಮೇಲೆ. ಆದರೆ ಅವಳು ಮರುದಿನದಿಂದ ಸ್ಟುಡಿಯೊ ಕಡೆ ಬರುವುದನ್ನೇ ಬಿಟ್ಟಳು.

ಆಮೇಲೆ ಗರಗದ ಮೇಳವೊಂದರ ಭಜನಾಪದ ಎಷ್ಟು ಬೆರೆಸಿದರೂ ಕೂಡಿಬರಲಿಲ್ಲ. ಒಬ್ಬೊಬ್ಬರೂ ಒಂದೊಂದು ಊರಲ್ಲಿ ಕೂತು ಹಾಡಿದಂತೆ ಕೇಳುತ್ತಿತ್ತು. ಬಿಂಕ ಬಿಟ್ಟು ಅವಳನ್ನೇ ಕರೆದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಬಾಗಿಲಲ್ಲೇ ನಿಂತು ಕೊನೆಯವರೆಗೂ ಕೇಳಿದಳು. ಎಲ್ಲಿ ಕೆಟ್ಟಿದೆ ಎಂದು ಈಗ ಹೇಳುತ್ತಾಳೆ ಅಂತ ಕಾದೆ.

"ಛಲೋ ಐತ್ರಿ. ಎಲ್ಲಾ ಸ್ವಚ್ಛ ಕೇಳತೈತಿ," ಎಂದು ಒಳಗೆ ಹೋದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ವರ್ಷ ಜೊತೆಗೆ ಕೂತು ಕೆಲಸ ಮಾಡಿದವಳು, ಒಂದು ಹಾಡನ್ನು ಒಂದೇ ಸಲಕ್ಕೆ ಒಪ್ಪಿಕೊಂಡದ್ದು ಅದೇ ಮೊದಲು.